ತಂಬಾಕು ಬಳಸುವವರನ್ನು ಎಣಿಸಿದ ಮೂರು ತಿಂಗಳು: ಹುಣಸೂರು, ಪಿರಿಯಾಪಟ್ಟಣದಲ್ಲಿ ನನ್ನ ಅನುಭವ

2018ರ ಆಗಸ್ಟ್‌ನಿಂದ ಅಕ್ಟೋಬರ್‌ವರೆಗೆ ಮೈಸೂರು ಜಿಲ್ಲೆಯ ಹುಣಸೂರು ಮತ್ತು ಪಿರಿಯಾಪಟ್ಟಣ ತಾಲ್ಲೂಕುಗಳಲ್ಲಿ ವಯಸ್ಕರ ತಂಬಾಕು ಬಳಕೆಯನ್ನು ಅಳೆಯುವ ಚಿಕ್ಕ ಸಮೀಕ್ಷೆಯೊಂದಕ್ಕೆ ನಾನು ಕ್ಷೇತ್ರ ಮೇಲ್ವಿಚಾರಕನಾಗಿದ್ದೆ. ಮೂವರು ಗಂಡಸರು, ಮೂವರು ಹೆಂಗಸರು, ಹೀಗೆ ಆರು ಜನ ಸಂದರ್ಶಕರು ನನ್ನ ತಂಡದಲ್ಲಿದ್ದರು. ಜಾಗತಿಕ ವಯಸ್ಕರ ತಂಬಾಕು ಸಮೀಕ್ಷೆಯ ದೊಡ್ಡ ಪ್ರಶ್ನಾವಳಿಯಿಂದ ವಿಶ್ವ ಆರೋಗ್ಯ ಸಂಸ್ಥೆ 22 ಪ್ರಶ್ನೆಗಳನ್ನು ಆರಿಸಿ, ಯಾವ ಸಮೀಕ್ಷೆಯವರಾದರೂ ಬಳಸಿಕೊಳ್ಳಲಿ ಎಂದು ಕೊಟ್ಟಿದೆ. ನಾವು ಕೈಗೆತ್ತಿಕೊಂಡದ್ದು ಅದನ್ನೇ. ಆ ಜಾಗತಿಕ ಸಮೀಕ್ಷೆ ನಮ್ಮ ದೇಶದಲ್ಲಿ ಅಷ್ಟರಲ್ಲಿ ಎರಡು ಬಾರಿ, 2009-10ರಲ್ಲಿ ಮತ್ತು 2016-17ರಲ್ಲಿ ನಡೆದಿತ್ತು. ಹದಿನೈದು ವರ್ಷ ಮೇಲ್ಪಟ್ಟವರಲ್ಲಿ ಯಾವುದಾದರೂ ರೂಪದಲ್ಲಿ ತಂಬಾಕು ಬಳಸುವವರ ಪ್ರಮಾಣ ದೇಶದಲ್ಲಿ ಶೇ. 34.6ರಿಂದ 28.6ಕ್ಕೆ, ಕರ್ನಾಟಕದಲ್ಲಿ ಶೇ. 28.2ರಿಂದ 22.8ಕ್ಕೆ ಇಳಿದಿದೆ ಎಂಬುದು ಅದರ ಫಲಿತಾಂಶ. ರಾಜ್ಯದ ಸಂಖ್ಯೆ ತಾಲ್ಲೂಕಿನ ಕಥೆ ಹೇಳುವುದಿಲ್ಲ. ಸಿಗರೇಟಿಗೆ ಹೋಗುವ ತಂಬಾಕನ್ನು ಬೆಳೆಯುವ ಈ ಎರಡು ತಾಲ್ಲೂಕುಗಳಲ್ಲಿ ಸ್ಥಿತಿ ಹೇಗಿದೆ ಎಂದು ತಿಳಿಯಬೇಕೆಂಬುದು ನಮ್ಮ ಉದ್ದೇಶವಾಗಿತ್ತು.

ಈ ಕೆಲಸದ ಕಷ್ಟವೆಲ್ಲ ಲೆಕ್ಕಾಚಾರದಲ್ಲಿ ಇರುತ್ತದೆ ಎಂದು ನಾನು ಭಾವಿಸಿದ್ದೆ. ಆದರೆ ಮೊದಲ ಕಷ್ಟ ಎದುರಾದದ್ದು ಕನ್ನಡದಲ್ಲಿ.

ನಮಗೆ ಕೊಟ್ಟಿದ್ದ ಕನ್ನಡ ಪ್ರಶ್ನಾವಳಿಯಲ್ಲಿ ತಂಬಾಕನ್ನು ಸೇದುವ ತಂಬಾಕು, ಹೊಗೆರಹಿತ ತಂಬಾಕು ಎಂದು ಎರಡು ಗುಂಪು ಮಾಡಲಾಗಿತ್ತು. ಕಚೇರಿಯಲ್ಲಿ ಕುಳಿತು ಓದುವವರಿಗೆ ಇದರಲ್ಲಿ ತೊಡಕೇನೂ ಕಾಣದು. ಆದರೆ ಹಳೆ ಮೈಸೂರಿನ ಹಳ್ಳಿಗಳಲ್ಲಿ ಎಲೆ ಅಡಿಕೆಯ ಜೊತೆ ಬಾಯಿಗೆ ಹಾಕಿಕೊಳ್ಳುವ ತಂಬಾಕಿನ ಎಲೆಗೆ ಹೆಸರೇ ಹೊಗೆಸೊಪ್ಪು. ಹೊಗೆಸೊಪ್ಪು ಹಾಕುವವರ ಮುಂದೆ ನಿಂತು ಹೊಗೆರಹಿತ ತಂಬಾಕು ಬಳಸುತ್ತೀರಾ ಎಂದು ಕೇಳಿದರೆ ಅವರು ತಲೆ ಅಲ್ಲಾಡಿಸುವುದು ಸಹಜ. ಮಾದರಿಗೆ ಸೇರದ ಒಂದು ಹಳ್ಳಿಯಲ್ಲಿ ಪ್ರಾಯೋಗಿಕವಾಗಿ ಕೇಳಿ ನೋಡಿದ ದಿನ, ಸೊಂಟದಲ್ಲಿ ಸಂಚಿ ಸಿಕ್ಕಿಸಿಕೊಂಡಿದ್ದ ಅಜ್ಜಿಯೊಬ್ಬರು ನಮ್ಮ ಸಂದರ್ಶಕಿಗೆ, “ತಂಬಾಕು ಗಿಂಬಾಕು ಎಲ್ಲ ನಮಗಿಲ್ಲ ಕಣವ್ವ, ಎಲೆ ಅಡಿಕೆ ಹಾಕ್ಕೊತೀನಿ ಅಷ್ಟೇಯ” ಎಂದರು. ಸಂದರ್ಶಕಿ ‘ಇಲ್ಲ’ ಎಂದು ಗುರುತು ಹಾಕಿಕೊಂಡು ಮುಂದಕ್ಕೆ ಹೋದಳು. ಪಕ್ಕದಲ್ಲಿ ಕುಳಿತಿದ್ದ ನಾನು, ಪ್ರಯೋಗದ ದಿನವಾದ್ದರಿಂದ ನಡುವೆ ಬಾಯಿ ಹಾಕಿ, “ಅಜ್ಜಿ, ಎಲೆ ಅಡಿಕೆ ಜೊತೆ ಇನ್ನೇನೇನು ಹಾಕ್ಕೊತೀರಿ?” ಎಂದು ಕೇಳಿದೆ. “ಸುಣ್ಣ, ಚೂರು ಕಡ್ಡಿಪುಡಿ. ಅದಿಲ್ದಿದ್ರೆ ಬಾಯಿ ಸಪ್ಪಗಿರ್ತದಲ್ಲಪ್ಪ” ಎಂದು ಸಂಚಿ ಬಿಚ್ಚಿ ತೋರಿಸಿದರು. ಕಡ್ಡಿಪುಡಿ ಎಂದರೆ ತಂಬಾಕಿನ ಕಾಂಡವನ್ನೂ ಎಲೆಯ ತೊಟ್ಟನ್ನೂ ಪುಡಿ ಮಾಡಿದ್ದು. ಅಜ್ಜಿ ಸುಳ್ಳು ಹೇಳಿರಲಿಲ್ಲ. ಅವರ ಮಟ್ಟಿಗೆ ತಂಬಾಕು ಎಂದರೆ ಗಂಡಸರು ಅಂಗೈಯಲ್ಲಿ ತಿಕ್ಕಿ ತುಟಿಯೊಳಗೆ ಇಡುವ ವಸ್ತು, ಅಥವಾ ಹೊಲದಲ್ಲಿ ಬೆಳೆದು ಹರಾಜಿಗೆ ಒಯ್ಯುವ ಬೆಳೆ. ಬಾಯಲ್ಲಿರುವುದಕ್ಕೆ ಆ ಹೆಸರಿಲ್ಲ.

ಆ ಸಂಜೆ ಹುಣಸೂರಿನ ವಸತಿಗೃಹದಲ್ಲಿ ಕುಳಿತು ಪ್ರಶ್ನೆಯ ಜೊತೆ ಓದಬೇಕಾದ ಹೆಸರುಗಳ ಪಟ್ಟಿ ಮಾಡಿದೆವು. ಹೊಗೆಸೊಪ್ಪು, ಕಡ್ಡಿಪುಡಿ, ಜರ್ದಾ, ಗುಟ್ಕಾ, ಸುಣ್ಣದ ಜೊತೆ ತಿಕ್ಕಿ ಇಟ್ಟುಕೊಳ್ಳುವ ತಂಬಾಕು, ನಶ್ಯ ಎಲ್ಲವೂ ಅದರಲ್ಲಿ ಬಂದವು. ಮೂಲ ಪ್ರಶ್ನೆಯನ್ನು ಬದಲಿಸುವಂತಿರಲಿಲ್ಲ, ಏಕೆಂದರೆ ಪ್ರಶ್ನೆ ಬದಲಾದರೆ ಹಿಂದಿನ ಸಮೀಕ್ಷೆಯ ಜೊತೆ ಹೋಲಿಸುವ ಹಕ್ಕು ಕಳೆದುಹೋಗುತ್ತದೆ. ಆದರೆ ಆಯಾ ಸೀಮೆಯ ಪದಾರ್ಥಗಳ ಹೆಸರನ್ನು ಪ್ರಶ್ನೆಯ ಜೊತೆ ಓದಿ ಹೇಳಲು ಅವಕಾಶವಿದೆ. ಇದಕ್ಕೆ ವಿರುದ್ಧವಾದ ತಪ್ಪೂ ಆಗದಂತೆ ನೋಡಿಕೊಳ್ಳಬೇಕಿತ್ತು. ಬರೀ ಎಲೆ, ಅಡಿಕೆ, ಸುಣ್ಣ ಹಾಕುವವರೂ ಬಹಳ ಜನರಿದ್ದಾರೆ; ಸಂಚಿ ಕಂಡ ಕೂಡಲೇ ‘ಹೌದು’ ಎಂದು ಬರೆದುಕೊಂಡರೆ ಅದೂ ಸುಳ್ಳು ಲೆಕ್ಕವೇ.

ಇನ್ನೊಂದು ತೊಡಕು ಉತ್ತರದ ಆಯ್ಕೆಗಳಲ್ಲಿತ್ತು. ‘ಪ್ರತಿದಿನ’, ‘ಪ್ರತಿದಿನಕ್ಕಿಂತ ಕಡಿಮೆ’, ‘ಇಲ್ಲವೇ ಇಲ್ಲ’ ಎಂದು ಮೂರು ಆಯ್ಕೆಗಳಿದ್ದವು. ದಿನಕ್ಕೆ ಎರಡೇ ಬೀಡಿ ಸೇದುವ ಮುದುಕರೊಬ್ಬರು ನಿಸ್ಸಂಕೋಚವಾಗಿ ಎರಡನೆಯದನ್ನು ಆರಿಸಿದರು. ಹಿಂದೆ ದಿನಕ್ಕೆ ಒಂದು ಕಟ್ಟು ಮುಗಿಸುತ್ತಿದ್ದ ತಾವು ಈಗ ಬಹಳ ಕಡಿಮೆ ಮಾಡಿದ್ದೇವೆ ಎಂಬುದು ಅವರ ಅರ್ಥ. ಪ್ರಶ್ನೆ ಕೇಳುತ್ತಿದ್ದದ್ದು ದಿನಗಳ ಲೆಕ್ಕ, ಅವರು ಕೊಟ್ಟದ್ದು ಬೀಡಿಗಳ ಲೆಕ್ಕ. ಆಮೇಲೆ ನಾವು, ದಿನಾಲೂ ಸೇದುತ್ತೀರೋ, ಕೆಲವು ದಿನ ಸೇದಿ ಕೆಲವು ದಿನ ಬಿಡುತ್ತೀರೋ, ಸೇದುವುದೇ ಇಲ್ಲವೋ ಎಂದು ಬಿಡಿಸಿ ಕೇಳುವುದನ್ನು ರೂಢಿ ಮಾಡಿಕೊಂಡೆವು. ಪ್ರಶ್ನಾವಳಿಯನ್ನು ಕನ್ನಡಕ್ಕೆ ತಂದು, ಮತ್ತೊಬ್ಬರಿಂದ ಇಂಗ್ಲಿಷಿಗೆ ತಿರುಗಿಸಿ, ಮೂಲದ ಜೊತೆ ತಾಳೆ ನೋಡುವ ಕ್ರಮ ಇದ್ದೇ ಇದೆ. ಆ ಕ್ರಮದಲ್ಲಿ ಈ ದೋಷ ಸಿಕ್ಕಿಬೀಳಲಿಲ್ಲ, ಏಕೆಂದರೆ ಅನುವಾದ ಸರಿಯಾಗಿಯೇ ಇತ್ತು. ಜಗುಲಿಯ ಮೇಲೆ ಕುಳಿತು ಕೇಳಿದ ಹೊರತು ಇಂಥದ್ದು ಗೊತ್ತಾಗುವುದಿಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ, ಮತ್ತು ಪ್ರಾಯೋಗಿಕ ಸಂದರ್ಶನಕ್ಕೆ ಎರಡು ದಿನ ಸಾಕು ಎನ್ನುವವರ ಜೊತೆ ನಾನು ಇಂದಿಗೂ ವಾದ ಮಾಡುತ್ತೇನೆ.

ಮನೆಗಳ ಆಯ್ಕೆಯಲ್ಲಿ ನಮ್ಮ ಇಷ್ಟಾನಿಷ್ಟಕ್ಕೆ ಜಾಗವಿರಲಿಲ್ಲ. ಆಯ್ಕೆಯಾದ ಪ್ರತಿ ಹಳ್ಳಿಯಲ್ಲೂ ಮೊದಲು ಬೀದಿ ಬೀದಿ ಸುತ್ತಿ ನಕ್ಷೆ ಬರೆದು, ಮನೆಗಳ ಪಟ್ಟಿ ಮಾಡಿ, ಸಮಾನ ಅಂತರದಲ್ಲಿ ಮನೆಗಳನ್ನು ಆರಿಸುತ್ತಿದ್ದೆವು. ಮನೆಯಲ್ಲಿ ಹದಿನೈದು ವರ್ಷ ತುಂಬಿದ ಎಲ್ಲರ ವಿವರವನ್ನೂ ಟ್ಯಾಬ್‌ಗೆ ತುಂಬಿದರೆ ಅದೇ ಒಬ್ಬರನ್ನು ಆರಿಸಿ ತೋರಿಸುತ್ತಿತ್ತು. ಆ ವ್ಯಕ್ತಿಯನ್ನೇ ಮಾತನಾಡಿಸಬೇಕು. ಅವರಿಲ್ಲದಿದ್ದರೆ ಇನ್ನೊಬ್ಬರನ್ನು ಕೂರಿಸಿಕೊಳ್ಳುವಂತಿಲ್ಲ, ಮನೆಗೆ ಬೀಗ ಹಾಕಿದ್ದರೆ ಪಕ್ಕದ ಮನೆಗೆ ಹೋಗುವಂತಿಲ್ಲ. ಬೇರೆ ಬೇರೆ ಹೊತ್ತಿನಲ್ಲಿ ಕಡೇ ಪಕ್ಷ ಮೂರು ಬಾರಿ ಹೋಗಿ ನೋಡಬೇಕು. ಹೊಸದಾಗಿ ಸೇರಿದ ಸಂದರ್ಶಕರಿಗೆ ಇದು ಹಟದಂತೆ ಕಾಣುತ್ತಿತ್ತು. ಹಗಲು ಹನ್ನೊಂದು ಗಂಟೆಗೆ ಹಳ್ಳಿಯ ಮನೆಯಲ್ಲಿ ಸಿಗುವವರು ಹೆಂಗಸರು, ಮುದುಕರು ಮತ್ತು ರೋಗಿಗಳು. ಹೊಲಕ್ಕೆ, ಗಾರೆ ಕೆಲಸಕ್ಕೆ, ಮೈಸೂರಿನ ಕಾರ್ಖಾನೆಗೆ ಹೋಗುವ ಗಂಡಸು ಸಿಗುವುದಿಲ್ಲ. ಬೀಡಿ ಸಿಗರೇಟು ಹೆಚ್ಚು ಸೇದುವವನು ಅವನೇ. ಸಿಕ್ಕವರನ್ನಷ್ಟೇ ಕೇಳಿ ಬಂದರೆ ಊರಿನಲ್ಲಿ ಧೂಮಪಾನ ತನ್ನಷ್ಟಕ್ಕೆ ತಾನೇ ಇಳಿದುಹೋಗುತ್ತದೆ, ಕಾಗದದ ಮೇಲೆ.

ನಮ್ಮ ಕೆಲಸ ಬಿದ್ದದ್ದು ಎಲೆ ಬೇಯಿಸುವ ಕಾಲದಲ್ಲಿ. ಹುಣಸೂರು, ಪಿರಿಯಾಪಟ್ಟಣದ ಕಡೆ ತಂಬಾಕಿನ ಎಲೆಯನ್ನು ಕಡ್ಡಿಗೆ ಕಟ್ಟಿ, ಎಲೆ ಒಣಗಿಸುವ ಕಟ್ಟಡವಾದ ಬ್ಯಾರನ್‌ನೊಳಗೆ ತೂಗುಹಾಕಿ, ಐದಾರು ದಿನ ಹಗಲೂ ರಾತ್ರಿ ಬೆಂಕಿ ಉರಿಸಿ ಹದ ಮಾಡುತ್ತಾರೆ. ಶಾಖ ಸ್ವಲ್ಪ ಹೆಚ್ಚು ಕಡಿಮೆಯಾದರೂ ಎಲೆಯ ಬಣ್ಣ ಕೆಟ್ಟು ಹರಾಜಿನಲ್ಲಿ ಬೆಲೆ ಬೀಳುತ್ತದೆ. ಹೀಗಾಗಿ ಮನೆಯ ಗಂಡಸು ರಾತ್ರಿಯೆಲ್ಲ ಬ್ಯಾರನ್ ಹತ್ತಿರವೇ ಇರುತ್ತಾನೆ, ಬೆಳಿಗ್ಗೆ ನಿದ್ದೆ ಮಾಡುತ್ತಾನೆ, ಮಧ್ಯಾಹ್ನ ಮತ್ತೆ ಹೊಲದಲ್ಲಿರುತ್ತಾನೆ. ಮೊದಲ ವಾರ ಎರಡೆರಡು ಬಾರಿ ಹೋಗಿಯೂ ಬರಿಗೈಯಲ್ಲಿ ಬಂದ ಮೇಲೆ, ಗಂಡು ಸಂದರ್ಶಕರನ್ನು ಕರೆದುಕೊಂಡು ರಾತ್ರಿ ಊಟವಾದ ಮೇಲೆ ಬ್ಯಾರನ್‌ಗಳಿಗೇ ಹೋಗಲು ಶುರು ಮಾಡಿದೆ. ಅಷ್ಟು ಒಳ್ಳೆಯ ಸಂದರ್ಶನಗಳು ಹಗಲಿನಲ್ಲಿ ಒಂದೂ ಆಗಿರಲಿಲ್ಲ. ಉರಿಗೆ ಸೌದೆ ದೂಡುತ್ತಾ ಅವರು ನಿಧಾನವಾಗಿ ಯೋಚಿಸಿ ಉತ್ತರ ಹೇಳುತ್ತಿದ್ದರು. ಸುತ್ತ ಕೇಳಿಸಿಕೊಳ್ಳುವವರು ಯಾರೂ ಇರುತ್ತಿರಲಿಲ್ಲ.

ಆದರೆ ಅನುಮಾನ ಇದ್ದೇ ಇತ್ತು. ತಂಬಾಕು ಬೆಳೆಯಲು, ಬ್ಯಾರನ್ ನಡೆಸಲು ತಂಬಾಕು ಮಂಡಳಿಯ ನೋಂದಣಿ ಬೇಕು; ಎಷ್ಟು ಬೆಳೆಯಬೇಕು ಎಂಬುದಕ್ಕೂ ಮಿತಿ ಇದೆ. ಟ್ಯಾಬ್ ಹಿಡಿದ ಅಪರಿಚಿತರು ತಂಬಾಕು ಎಂಬ ಮಾತೆತ್ತಿದರೆ ರೈತ ಬೇರೇನು ತಿಳಿದಾನು? “ನೀವು ಮಂಡಳಿಯೋರಾ, ಇಲ್ಲಾ ಬೆಳೆ ನಿಲ್ಸಕ್ಕೆ ಬಂದಿರೋರಾ ಸಾ?” ಎಂದು ನೇರವಾಗಿ ಕೇಳಿದವರಿದ್ದಾರೆ. ಬೆಳೆಯ ಬಗ್ಗೆ ಒಂದು ಪ್ರಶ್ನೆಯೂ ಇಲ್ಲವೆಂದು ಹೇಳಿ, ಬೇಕಿದ್ದರೆ ಓದಿಸಿ ನೋಡಿ ಎಂದು ಮುದ್ರಿತ ಪ್ರಶ್ನೆಗಳನ್ನೇ ಕೈಗೆ ಕೊಡುತ್ತಿದ್ದೆ. ಅವರ ಬದುಕು ಯಾವ ಎಲೆಯ ಮೇಲೆ ನಿಂತಿದೆಯೋ ಆ ಎಲೆಯಿಂದ ಆಗುವ ಹಾನಿಯನ್ನು ಅಳೆಯಲು ಹೋಗಿದ್ದೆವು ಎಂಬ ಅರಿವು ನನ್ನನ್ನು ಒಂದು ದಿನವೂ ಬಿಡಲಿಲ್ಲ. ಆದ್ದರಿಂದ ಉಪದೇಶದ ಒಂದು ಮಾತೂ ಆಡಬಾರದೆಂದು ತಂಡಕ್ಕೆ ಕಟ್ಟುನಿಟ್ಟಾಗಿ ಹೇಳಿದ್ದೆ. ಬಿಡಬೇಕೆಂದು ತಾವಾಗಿಯೇ ಕೇಳಿದವರಿಗೆ ಮಾತ್ರ, ಸಂದರ್ಶನ ಮುಗಿದ ನಂತರ, ತಂಬಾಕು ಬಿಡಲು ನೆರವಾಗುವ ಉಚಿತ ಸಹಾಯವಾಣಿ 1800-11-2356 ಬರೆದ ಚೀಟಿ ಕೊಡುತ್ತಿದ್ದೆವು.

ಒಬ್ಬರೇ ಇದ್ದಾಗ ಕೇಳುವುದು ಹದಿಹರೆಯದವರ ವಿಷಯದಲ್ಲಿ ಇನ್ನೂ ಮುಖ್ಯ. ಹದಿನೆಂಟು ತುಂಬದವರ ಸಂದರ್ಶನಕ್ಕೆ ತಂದೆ ಅಥವಾ ತಾಯಿಯ ಒಪ್ಪಿಗೆ ಬೇಕು, ಹುಡುಗನ ಒಪ್ಪಿಗೆಯೂ ಬೇಕು. ಒಪ್ಪಿಗೆ ಕೊಟ್ಟ ಅಪ್ಪ ಅಲ್ಲೇ ಕುಳಿತುಬಿಟ್ಟರೆ ಬರುವ ಉತ್ತರ ಗೊತ್ತೇ ಇದೆ. ಅಪ್ಪನಿಗೆ ಕಾಣುವಂತೆ, ಆದರೆ ಮಾತು ಕೇಳಿಸದಷ್ಟು ದೂರದಲ್ಲಿ, ಕೊಟ್ಟಿಗೆಯ ಬಳಿಯೋ ತೆಂಗಿನ ಮರದ ಕೆಳಗೋ ಕುಳಿತು ಮುಗಿಸುತ್ತಿದ್ದೆವು. ಅತ್ತೆ ಇರುವ ಮನೆಯ ಸೊಸೆಯನ್ನು ಕೇಳುವಾಗಲೂ ಇದೇ ಎಚ್ಚರ ಬೇಕಾಯಿತು. ಹೆಂಗಸರನ್ನು ಹೆಂಗಸರೇ ಕೇಳುವ ಕ್ರಮ ಇಟ್ಟುಕೊಂಡದ್ದರಿಂದ ಬಹಳ ಅನುಕೂಲವಾಯಿತು.

ಎರಡನೆಯ ತಿಂಗಳ ನಡುವೆ ನನ್ನ ತಂಡದೊಳಗೇ ಒಂದು ದೋಷ ಕಂಡಿತು. ಪ್ರತಿ ರಾತ್ರಿ ಟ್ಯಾಬ್‌ಗಳಿಂದ ಬಂದ ದತ್ತಾಂಶವನ್ನು ಸಂದರ್ಶಕವಾರು ನೋಡುತ್ತಿದ್ದೆ. ಒಬ್ಬರ ಸಂದರ್ಶನಗಳಲ್ಲಿ ‘ಬಳಸುವುದಿಲ್ಲ’ ಎಂಬ ಉತ್ತರ ವಾರದಿಂದ ವಾರಕ್ಕೆ ಹೆಚ್ಚುತ್ತಿತ್ತು, ಸಂದರ್ಶನದ ಅವಧಿ ಕಡಿಮೆಯಾಗುತ್ತಿತ್ತು. ಕಾರಣ ಸರಳ. ‘ಹೌದು’ ಎಂದರೆ ದಿನಕ್ಕೆ ಎಷ್ಟು, ಕೊನೆಯ ಬಾರಿ ಎಷ್ಟಕ್ಕೆ ಕೊಂಡಿರಿ, ಬಿಡಲು ಪ್ರಯತ್ನಿಸಿದ್ದೀರಾ, ವೈದ್ಯರು ಬಿಡಿ ಎಂದು ಹೇಳಿದರೇ ಎಂದು ಪ್ರಶ್ನೆಗಳ ಸಾಲೇ ತೆರೆದುಕೊಳ್ಳುತ್ತದೆ; ‘ಇಲ್ಲ’ ಎಂದರೆ ಬೇಗ ಮುಗಿಯುತ್ತದೆ. ನಮ್ಮನ್ನು ನೇಮಿಸಿಕೊಂಡಿದ್ದ ಸಂಸ್ಥೆ ಮುಗಿಸಿದ ಸಂದರ್ಶನದ ಲೆಕ್ಕಕ್ಕೆ ಹಣ ಕೊಡುತ್ತಿತ್ತು, ದಿನದ ಕೂಲಿಯಲ್ಲ. ಆ ವ್ಯಕ್ತಿ ಸುಳ್ಳು ಬರೆಯುತ್ತಿದ್ದರು ಎಂದು ನಾನು ಹೇಳಲಾರೆ. ಪದಾರ್ಥಗಳ ಹೆಸರಿನ ಪಟ್ಟಿಯನ್ನು ಓದದೆ, ‘ತಂಬಾಕು ಇಲ್ಲ ತಾನೆ?’ ಎಂಬ ಧಾಟಿಯಲ್ಲಿ ಕೇಳಿ ಮುಂದೆ ಹೋಗುತ್ತಿದ್ದರು. ಅವರು ಮಾಡಿದ ಮನೆಗಳಲ್ಲಿ ಕೆಲವಕ್ಕೆ ನಾನೇ ಹೋಗಿ ಮರುಪರಿಶೀಲನೆ ಮಾಡಿದಾಗ ಕಡ್ಡಿಪುಡಿ ಹಾಕುವ ಹೆಂಗಸರು ಸಿಕ್ಕರು. ಆ ಹಳ್ಳಿಗಳ ಕೆಲಸವನ್ನು ಪುನಃ ಮಾಡಿಸಿದೆವು, ವೇತನವನ್ನು ದಿನದ ಲೆಕ್ಕಕ್ಕೆ ಬದಲಿಸುವಂತೆ ಪತ್ರ ಬರೆದೆ. ಪತ್ರಕ್ಕೆ ಉತ್ತರ ಬಂದದ್ದು ಕೆಲಸವೆಲ್ಲ ಮುಗಿದ ಮೇಲೆ.

ಇನ್ನು ಕಾನೂನಿನ ಪರಿಣಾಮದ ಮಾತು. ಸಮೀಕ್ಷೆಯ ಈ ಭಾಗ ಓದುವವರಿಗೆ ಶುಷ್ಕವಾಗಿ ಕಾಣಬಹುದು, ನನಗೆ ಅತ್ಯಂತ ಆಸಕ್ತಿ ಹುಟ್ಟಿಸಿದ್ದು ಇದೇ. ಸಿಗರೇಟು ಪ್ಯಾಕಿನ ಮೇಲೆ ಶೇ. 85ರಷ್ಟು ಜಾಗದಲ್ಲಿ ಚಿತ್ರಸಹಿತ ಎಚ್ಚರಿಕೆ ಇರಬೇಕೆಂಬ ನಿಯಮ 2016ರ ಏಪ್ರಿಲ್ 1ರಿಂದ ಜಾರಿಗೆ ಬಂದಿತ್ತು. 2017ರ ಡಿಸೆಂಬರ್‌ನಲ್ಲಿ ಕರ್ನಾಟಕ ಹೈಕೋರ್ಟ್ ಅದನ್ನು ರದ್ದು ಮಾಡಿದ್ದು, ಮರು ತಿಂಗಳೇ ಸುಪ್ರೀಂ ಕೋರ್ಟ್ ಆ ತೀರ್ಪಿಗೆ ತಡೆ ಕೊಟ್ಟದ್ದು ಆಗ ಇನ್ನೂ ಹಸಿ ಸುದ್ದಿ. ರಾಷ್ಟ್ರಮಟ್ಟದ ಎರಡು ಸಮೀಕ್ಷೆಗಳ ನಡುವೆ, ಪ್ಯಾಕಿನ ಎಚ್ಚರಿಕೆ ನೋಡಿ ಬಿಡುವ ಯೋಚನೆ ಬಂತು ಎಂದ ಸಿಗರೇಟು ಸೇದುವವರ ಪ್ರಮಾಣ ಶೇ. 38.0ರಿಂದ 61.9ಕ್ಕೆ, ಬೀಡಿ ಸೇದುವವರದು ಶೇ. 29.3ರಿಂದ 53.8ಕ್ಕೆ, ಜಗಿಯುವ ತಂಬಾಕಿನವರದು ಶೇ. 33.9ರಿಂದ 46.2ಕ್ಕೆ ಏರಿತ್ತು. ಜಗಿಯುವವರಲ್ಲಿ ಏರಿಕೆ ಏಕೆ ಕಡಿಮೆ ಎಂಬುದಕ್ಕೆ ಒಂದು ಕಾರಣ ನಮ್ಮ ಹಳ್ಳಿಗಳಲ್ಲೇ ಕಾಣುತ್ತಿತ್ತು. ಹೊಗೆಸೊಪ್ಪು ಅಂಗಡಿಯಲ್ಲಿ ಎಲೆಯಾಗಿಯೇ ಸಿಗುತ್ತದೆ, ಕಾಗದದಲ್ಲಿ ಸುತ್ತಿ ಕೊಡುತ್ತಾರೆ. ಎಚ್ಚರಿಕೆಯ ಚಿತ್ರಕ್ಕೆ ಅಲ್ಲಿ ಜಾಗವೇ ಇಲ್ಲ.

ಕಳೆದ 30 ದಿನಗಳಲ್ಲಿ ಪ್ಯಾಕಿನ ಮೇಲೆ ಎಚ್ಚರಿಕೆ ಗಮನಿಸಿದಿರಾ ಎಂಬ ಪ್ರಶ್ನೆಗೆ ‘ಹೌದು’, ‘ಇಲ್ಲ’ ಎಂಬುದರ ಜೊತೆಗೆ ‘ಪ್ಯಾಕನ್ನೇ ನೋಡಿಲ್ಲ’ ಎಂಬ ಮೂರನೆಯ ಆಯ್ಕೆಯೂ ಇದೆ. ತರಬೇತಿಯಲ್ಲಿ ನಾವು ಅದನ್ನು ಒಂದೇ ಮಾತಿನಲ್ಲಿ ದಾಟಿಸಿಬಿಟ್ಟಿದ್ದೆವು. ಪೆಟ್ಟಿಗೆ ಅಂಗಡಿಗೆ ಬಂದು ಒಂದು ಸಿಗರೇಟು ಕೇಳಿ ಪಡೆದು, ಅಲ್ಲೇ ದಾರಕ್ಕೆ ಕಟ್ಟಿ ನೇತುಹಾಕಿದ ಲೈಟರ್‌ನಿಂದ ಹಚ್ಚಿಕೊಂಡು ಹೋಗುವವನು ದಿನಕ್ಕೆ ಐದು ಸೇದಿದರೂ ಪ್ಯಾಕು ಅವನ ಕೈಗೆ ಬರುವುದಿಲ್ಲ. ಅವನನ್ನು ‘ಇಲ್ಲ’ ಎಂಬ ಸಾಲಿಗೆ ಹಾಕಿದರೆ ಎಚ್ಚರಿಕೆ ವಿಫಲವಾಗಿದೆ ಎಂಬ ತೀರ್ಮಾನ ಬರುತ್ತದೆ. ಮೂರನೆಯ ಸಾಲಿಗೆ ಹಾಕಿದರೆ, ಬಿಡಿ ಮಾರಾಟದಿಂದಾಗಿ ಎಚ್ಚರಿಕೆ ಅವನನ್ನು ತಲುಪಲೇ ಇಲ್ಲ ಎಂಬ ತೀರ್ಮಾನ ಬರುತ್ತದೆ. ಎರಡಕ್ಕೂ ಸರ್ಕಾರ ಮಾಡಬೇಕಾದ ಕೆಲಸ ಬೇರೆ ಬೇರೆ. ಒಂದು ಚೌಕದ ಗುರುತಿನಲ್ಲಿ ಇಷ್ಟು ಅಡಗಿದೆ ಎಂದು ತಿಳಿದ ಮೇಲೆ ಇಡೀ ತಂಡವನ್ನು ಮತ್ತೊಂದು ದಿನ ಕೂರಿಸಿ ಆ ಪ್ರಶ್ನೆಯೊಂದನ್ನೇ ಅಭ್ಯಾಸ ಮಾಡಿಸಿದೆ.

ಗುಟ್ಕಾ ನಿಷೇಧದ ವಿಷಯದಲ್ಲೂ ಹೀಗೇ ಆಯಿತು. ರಾಜ್ಯದಲ್ಲಿ 2013ರ ಮೇ ಕೊನೆಯಲ್ಲಿ ಗುಟ್ಕಾ ನಿಷೇಧವಾಯಿತು. ಆಮೇಲೆ ಮಾರುಕಟ್ಟೆಯಲ್ಲಿ ಪಾನ್ ಮಸಾಲ ಒಂದು ಪಾಕೀಟು, ತಂಬಾಕು ಇನ್ನೊಂದು ಪಾಕೀಟು ಎಂದು ಜೋಡಿಯಾಗಿ ಸಿಗತೊಡಗಿತು. ಕೊಳ್ಳುವವರು ಎರಡನ್ನೂ ಅಂಗೈಯಲ್ಲಿ ಬೆರೆಸಿ ಬಾಯಿಗೆ ಹಾಕಿಕೊಳ್ಳುತ್ತಾರೆ. ಗುಟ್ಕಾ ಹಾಕುತ್ತೀರಾ ಎಂದು ಮಾತ್ರ ಕೇಳಿದರೆ ಪ್ರಾಮಾಣಿಕವಾದ ಉತ್ತರ ‘ಇಲ್ಲ’ ಎಂದೇ. ಅದನ್ನು ನಿಷೇಧದ ಯಶಸ್ಸು ಎಂದು ಬರೆದರೆ ನಮ್ಮನ್ನು ನಾವೇ ಮೋಸ ಮಾಡಿಕೊಂಡಂತೆ. ಎರಡು ಪಾಕೀಟು ಸೇರಿಸಿ ಹಾಕುತ್ತೀರಾ ಎಂಬ ಪ್ರಶ್ನೆಯನ್ನು ನಾವು ಹೆಚ್ಚುವರಿಯಾಗಿ ಸೇರಿಸಿಕೊಂಡೆವು.

ಕೆಲಸದ ಸ್ಥಳದಲ್ಲಿ ಬೇರೆಯವರು ಸೇದಿ ಬಿಟ್ಟ ಹೊಗೆಯ ಪ್ರಶ್ನೆ ಹಳ್ಳಿಗೆ ಅಷ್ಟಾಗಿ ಹೊಂದುವುದಿಲ್ಲ. ಒಳಾಂಗಣದಲ್ಲಿ ಕೆಲಸ ಮಾಡುವವರನ್ನು ಮಾತ್ರ ಅದು ಕೇಳುತ್ತದೆ, ಹೊಲದ ಕೂಲಿಯವರಿಗೆ ಅನ್ವಯಿಸುವುದಿಲ್ಲ. ಬ್ಯಾರನ್ ಒಳಾಂಗಣವೇ ಎಂಬ ಪ್ರಶ್ನೆ ನಮ್ಮಲ್ಲಿ ಎದ್ದಿತು. ಮೂರು ತಿಂಗಳೂ ಒಂದೇ ರೀತಿ ಬರೆಯುವುದು ಮುಖ್ಯವೆಂದು, ಎಲೆ ಕಟ್ಟುವ ಚಪ್ಪರವನ್ನು ಹೊರಗೆ ಎಂದೂ ಬ್ಯಾರನ್ ಕಟ್ಟಡವನ್ನು ಒಳಗೆ ಎಂದೂ ತೀರ್ಮಾನಿಸಿ, ಆ ತೀರ್ಮಾನವನ್ನು ದಿನಚರಿಯಲ್ಲಿ ಬರೆದಿಟ್ಟೆ.

ಕೆಲಸದ ಕೊನೆಯಲ್ಲಿ ಅಧಿಕಾರಿಯೊಬ್ಬರು, ರಾಜ್ಯದ ಸಂಖ್ಯೆಗಿಂತ ನಿಮ್ಮ ತಾಲ್ಲೂಕುಗಳಲ್ಲಿ ಎರಡು ಅಂಶ ಕಡಿಮೆಯಾಗಿದೆ ಎಂದು ಬರೆಯಬಹುದೇ ಎಂದು ಕೇಳಿದರು. ಇಲ್ಲವೆಂದೆ. ಒಂದೇ ಹಳ್ಳಿಯವರ ಅಭ್ಯಾಸಗಳು ಒಬ್ಬರಿಂದೊಬ್ಬರಿಗೆ ಬಂದಿರುತ್ತವೆ, ಆದ್ದರಿಂದ ಹಳ್ಳಿವಾರು ಆರಿಸಿದ ಸಾವಿರ ಜನರಿಂದ ಸಿಗುವ ಮಾಹಿತಿ ಚೆಲ್ಲಾಪಿಲ್ಲಿಯಾಗಿ ಆರಿಸಿದ ಐನೂರು ಜನರಿಂದ ಸಿಗುವಷ್ಟೇ ಇರಬಹುದು. ಆ ಲೆಕ್ಕದಲ್ಲಿ ಶೇ. 23ರ ಆಸುಪಾಸಿನ ಸಂಖ್ಯೆಯ ಎರಡೂ ಪಕ್ಕಕ್ಕೆ ಸುಮಾರು 3.7 ಅಂಶಗಳ ಅನಿಶ್ಚಿತತೆ ಇರುತ್ತದೆ. ಅಷ್ಟೇ ದೊಡ್ಡ ಎರಡು ಸಮೀಕ್ಷೆಗಳನ್ನು ಹೋಲಿಸುವುದಾದರೆ ಐದು ಅಂಶಗಳಿಗಿಂತ ಕಡಿಮೆ ವ್ಯತ್ಯಾಸವನ್ನು ನಂಬುವಂತಿಲ್ಲ. ಎರಡು ಅಂಶದ ವ್ಯತ್ಯಾಸ ನಿಜವಾಗಿ ಇದ್ದರೂ ನಮ್ಮ ತಕ್ಕಡಿಗೆ ಅದು ತಿಳಿಯುವುದಿಲ್ಲ. ಅವರಿಗೆ ಬೇಸರವಾಯಿತು, ಆದರೂ ಒಪ್ಪಿಕೊಂಡರು.

ರಾಷ್ಟ್ರದ ಅಂಕಿಗಳನ್ನು ಓದುವಾಗಲೂ ಈ ಎಚ್ಚರ ಬೇಕೆಂದು ನಾನು ಕಲಿತೆ. 2016-17ರಲ್ಲಿ ಸೇದುವವರು ಶೇ. 10.7, ಜಗಿಯುವವರು ಶೇ. 21.4, ಎರಡನ್ನೂ ಕೂಡಿಸಿದರೆ 32.1 ಆಗುತ್ತದೆ, ಆದರೆ ಒಟ್ಟು ಬಳಕೆದಾರರು ಶೇ. 28.6 ಮಾತ್ರ, ಏಕೆಂದರೆ ಎರಡೂ ಚಟ ಇರುವವರು ಎರಡೂ ಕಡೆ ಎಣಿಕೆಯಾಗುತ್ತಾರೆ. ಶೇಕಡಾವಾರು ಆರು ಅಂಶ ಇಳಿದಿದ್ದರೂ ಬಳಕೆದಾರರ ಸಂಖ್ಯೆ ಸುಮಾರು 27.5 ಕೋಟಿಯಿಂದ 26.7 ಕೋಟಿಗೆ ಇಳಿಯಿತು, ಅಷ್ಟೇ. ಆ ಏಳು ವರ್ಷಗಳಲ್ಲಿ ಜನಸಂಖ್ಯೆಯೂ ಬೆಳೆದಿತ್ತು. ಆಸ್ಪತ್ರೆಗೆ ಬರುವುದು ಶೇಕಡಾವಾರು ಅಲ್ಲ, ಜನ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಬಂದಾಗ ಹೆಂಗಸರಲ್ಲಿ ತಂಬಾಕು ಬಳಕೆ 2016-17ರ ಜಾಗತಿಕ ಸಮೀಕ್ಷೆಯ ಶೇ. 14.2ರಿಂದ ಸುಮಾರು 9ಕ್ಕೆ ಕುಸಿದಿದೆ ಎಂದು ಕೆಲವರು ಸಂಭ್ರಮದಿಂದ ಬರೆದರು. ಈ ಎರಡನೆಯ ಸಂಖ್ಯೆ ಮನೆಯ ಒಬ್ಬರನ್ನು ಕೇಳಿ ಎಲ್ಲರ ಬಗ್ಗೆಯೂ ಬರೆದುಕೊಂಡದ್ದು. ಸಂಚಿಯಲ್ಲಿ ಏನಿದೆ ಎಂಬುದನ್ನು ಅಜ್ಜಿಯ ಬಾಯಿಂದ ಕೇಳುವುದಕ್ಕೂ ಮಗನ ಬಾಯಿಂದ ಕೇಳುವುದಕ್ಕೂ ಇರುವ ಅಂತರವನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಯಾವ ಕಾನೂನಿನಿಂದ ಎಷ್ಟು ಇಳಿಯಿತು ಎಂದು ಬೇರ್ಪಡಿಸಿ ಹೇಳುವುದು ಒಮ್ಮೆ ಮಾಡಿದ ಸಮೀಕ್ಷೆಯಿಂದ ಆಗದು. ಕೆನಡಾದ ವಾಟರ್‌ಲೂ ವಿಶ್ವವಿದ್ಯಾಲಯದಿಂದ ನಡೆಯುವ ಅಂತರರಾಷ್ಟ್ರೀಯ ತಂಬಾಕು ನಿಯಂತ್ರಣ ನೀತಿ ಅಧ್ಯಯನದವರು ಅದೇ ವ್ಯಕ್ತಿಗಳನ್ನು ವರ್ಷಗಳ ನಂತರ ಮತ್ತೆ ಹುಡುಕಿ ಕೇಳುವ ಕ್ರಮ ಇಟ್ಟುಕೊಂಡಿದ್ದಾರೆ; ನಮ್ಮ ದೇಶದಲ್ಲಿ ಅದು ಬಿಹಾರ, ಪಶ್ಚಿಮ ಬಂಗಾಳ, ಮಧ್ಯಪ್ರದೇಶ ಮತ್ತು ಮಹಾರಾಷ್ಟ್ರಗಳಲ್ಲಿ ನಡೆದಿದೆ. ಬೆಲೆ ಏರಿದ ಮೇಲೆ ಸಿಗರೇಟು ಬಿಟ್ಟವನು ನಿಜವಾಗಿ ಬಿಟ್ಟನೋ, ಬೀಡಿಗೆ ಇಳಿದನೋ ಎಂಬುದು ಅಂಥ ಕ್ರಮದಲ್ಲಿ ಗೊತ್ತಾಗುತ್ತದೆ. ನಮ್ಮ ಎರಡು ತಾಲ್ಲೂಕುಗಳಲ್ಲೂ ಹಾಗೆ ಮಾಡಬೇಕೆಂಬ ಆಸೆಯಿಂದ, ಮತ್ತೊಮ್ಮೆ ಸಂಪರ್ಕಿಸಲು ಒಪ್ಪಿದವರ ಪಟ್ಟಿಯನ್ನು ಬೇರೆಯಾಗಿ, ಗೌಪ್ಯವಾಗಿ ಇರಿಸಿದೆವು.

ಅಕ್ಟೋಬರ್ ಕೊನೆಯಲ್ಲಿ ಕಡತ ಒಪ್ಪಿಸುವಾಗ ಹಳ್ಳಿಗಳ ನಕ್ಷೆ, ಮನೆಪಟ್ಟಿ, ಬ್ಯಾರನ್ ಬಗ್ಗೆ ಮಾಡಿದ ತೀರ್ಮಾನ ಮತ್ತು ಊರಿನ ಹೆಸರುಗಳ ಪಟ್ಟಿಯನ್ನು ಜೊತೆಗೆ ಇಟ್ಟೆ. ಪ್ಯಾಕುಗಳ ಮೇಲೆ ಸಹಾಯವಾಣಿಯ ಸಂಖ್ಯೆ ಅಚ್ಚಾಗಬೇಕೆಂಬ ನಿಯಮ ನಮ್ಮ ಕೆಲಸದ ನಡುವೆ, ಸೆಪ್ಟೆಂಬರ್ 1ರಂದು ಜಾರಿಗೆ ಬಂದಿತ್ತು. ಅಂಗಡಿಗಳಲ್ಲಿ ಹಳೆಯ ದಾಸ್ತಾನು ಇನ್ನೂ ಮುಗಿದಿರಲಿಲ್ಲವಾದ್ದರಿಂದ ಆ ಬಗ್ಗೆ ನಾವು ಏನನ್ನೂ ಕೇಳಲಿಲ್ಲ. ಮುಂದಿನ ಸುತ್ತಿನಲ್ಲಿ ಕೇಳಬೇಕಾದ ಮೊದಲ ಪ್ರಶ್ನೆ ಎಂದು ಕಡತದ ಮೇಲೆ ಬರೆದಿದ್ದೇನೆ: ಆ ಸಂಖ್ಯೆಯನ್ನು ನೋಡಿದಿರಾ, ಕರೆ ಮಾಡಿದಿರಾ, ಫೋನ್ ಎತ್ತಿದವರು ಕನ್ನಡದಲ್ಲಿ ಮಾತನಾಡಿದರೇ?